ಓಡುವ ಇಂಡಿಕೇಟರ್: ಮಲೆನಾಡಿನ ಕಾರಿಗೆ ಯಾವ ದಾರಿ ಹೊಂದೀತು?

ಇಂಡಿಕೇಟರ್ ಹಾಕಿದಾಗ ಹಿಂಬದಿಯ ಹಳದಿ ದೀಪ ಒಟ್ಟಾಗಿ ಮಿನುಗುವ ಬದಲು ಒಳಗಿನಿಂದ ಹೊರಕ್ಕೆ ಸಾಲಾಗಿ ಹೊತ್ತಿಕೊಂಡು ಸಾಗುವ ಸೀಕ್ವೆನ್ಷಿಯಲ್ ಟೇಲ್ ಲ್ಯಾಂಪುಗಳು ಇತ್ತೀಚಿನ ಆವಿಷ್ಕಾರವೇನೂ ಅಲ್ಲ. ಅಮೆರಿಕದ ಫೋರ್ಡ್ ಕಂಪನಿ 1965ರ ಥಂಡರ್‌ಬರ್ಡ್ ಕಾರಿನಲ್ಲಿ ಪ್ರತಿ ಬದಿಗೆ ಮೂರು ಬಲ್ಬುಗಳನ್ನು ಇಟ್ಟು, ಪುಟ್ಟ ಮೋಟಾರು ತಿರುಗಿಸುವ ಸ್ವಿಚ್ಚಿನಿಂದ ಅವುಗಳನ್ನು ಒಂದಾದ ಮೇಲೊಂದರಂತೆ ಹೊತ್ತಿಸಿತ್ತು. ಇಂದು ಆ ಮೋಟಾರಿನ ಕೆಲಸವನ್ನು ಒಂದು ಚಿಪ್ ಮಾಡುತ್ತದೆ. ಹೀಗಾಗಿ ಮನೆಯಂಗಳದಲ್ಲೇ ಇದನ್ನು ಅಳವಡಿಸಿಕೊಳ್ಳುವ ಆಸೆ ಅನೇಕರಿಗೆ ಹುಟ್ಟಿದೆ. ಅಂಥವರ ಮುಂದೆ ಐದು ದಾರಿಗಳಿವೆ. ಕಾರಿನ ಮಾದರಿಗೆಂದೇ ತಯಾರಾದ ಪೂರ್ತಿ ದೀಪವನ್ನು ತಂದು ಕೂರಿಸಬಹುದು. ಅದೇ ಕಾರಿನ ಮೇಲ್ದರ್ಜೆಯ ವೇರಿಯಂಟಿನ ಕಂಪನಿ ದೀಪವನ್ನು ಹಾಕಬಹುದು. ಇರುವ ದೀಪವನ್ನೇ ಬಿಚ್ಚಿ ಒಳಗೆ ಎಲ್‌ಇಡಿ ಸಾಲನ್ನು ಜೋಡಿಸಬಹುದು. ಹಲವು ಬಲ್ಬುಗಳಿರುವ ಹಳೆಯ ವಾಹನವಾದರೆ ಅವುಗಳನ್ನು ಒಂದಾದ ಮೇಲೊಂದರಂತೆ ಹೊತ್ತಿಸುವ ಸೀಕ್ವೆನ್ಸರ್ ಮಾಡ್ಯೂಲ್ ಇಡಬಹುದು. ಇಲ್ಲವೇ ಅಂಟುವ ಎಲ್‌ಇಡಿ ಪಟ್ಟಿಯನ್ನು ಹೊರಗಡೆ ಹಚ್ಚಬಹುದು. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಕಾರಿಗೆ ಇವುಗಳಲ್ಲಿ ಒಂದನ್ನು ಆರಿಸುವಾಗ ಚೆಂದಕ್ಕಿಂತ ಮೊದಲು ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ನಿಲುವು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಒಣ ಊರಿನಲ್ಲಿ ಐದಾರು ವರ್ಷ ಬಾಳುವ ಜೋಡಣೆ ಇಲ್ಲಿ ಆಶ್ಲೇಷ ಮಳೆ ಮುಗಿಯುವುದರೊಳಗೆ ಕೈಕೊಡಬಹುದು.

ಕಾನೂನಿನ ಮಾತನ್ನು ಮೊದಲೇ ಮುಗಿಸುವುದು ಒಳ್ಳೆಯದು, ಏಕೆಂದರೆ ಕೆಲವು ಆಯ್ಕೆಗಳು ಅಲ್ಲಿಯೇ ಬಿದ್ದುಹೋಗುತ್ತವೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಹೇಳುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ದೀಪದ ವಿವರ ನೋಂದಣಿ ಪತ್ರದಲ್ಲಿ ಇರುವುದೇ ಇಲ್ಲ, ಆದ್ದರಿಂದ ಚಿಂತೆಯಿಲ್ಲ ಎಂದು ಬಿಡಿಭಾಗ ಮಾರುವವರು ಧೈರ್ಯ ತುಂಬುವುದುಂಟು. ಆದರೆ ದೀಪಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಬೇರೆಯೇ ಕಟ್ಟಳೆಗಳಿವೆ: ಇಂಡಿಕೇಟರ್ ಹಳದಿಯಾಗಿ ಮಿನುಗಬೇಕು, ಬ್ರೇಕ್ ದೀಪ ಕೆಂಪಾಗಿರಬೇಕು, ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಇರಬೇಕು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ, ಕೆಂಪು ಬಣ್ಣದಲ್ಲೇ ಓಡುವ ಇಂಡಿಕೇಟರ್ ನಮ್ಮಲ್ಲಿ ಸಲ್ಲುವುದಿಲ್ಲ. ನೀಲಿ, ನೇರಳೆ ಅಥವಾ ಬಣ್ಣ ಬದಲಿಸುತ್ತಾ ಕುಣಿಯುವ ದೀಪಗಳ ವಿಷಯವನ್ನು ಚರ್ಚಿಸುವ ಅಗತ್ಯವೇ ಇಲ್ಲ. ಕೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮತ್ತು ವಿಮಾ ಕಂಪನಿಗೆ ಬರೆದು ತಿಳಿಸುವುದು ಸ್ವಲ್ಪ ಬೇಸರದ ಕೆಲಸವಾದರೂ, ಅಪಘಾತದ ನಂತರ ಹಿಂಬದಿಯ ದೀಪದ ಬಗ್ಗೆ ಪ್ರಶ್ನೆ ಎದ್ದಾಗ ಉತ್ತರ ಹುಡುಕುವುದಕ್ಕಿಂತ ಹಗುರವಾದದ್ದು.

ದೀಪ ಓಡುವ ವೇಗವೂ ಮುಖ್ಯ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂಬುದು ವಾಡಿಕೆಯ ಮಾನದಂಡ. 90 ಬಾರಿ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 667 ಮಿಲಿಸೆಕೆಂಡುಗಳು, ಅದರಲ್ಲಿ ದೀಪ ಉರಿಯುವ ಅವಧಿ ಸುಮಾರು ಅರ್ಧ, ಅಂದರೆ 330 ಮಿಲಿಸೆಕೆಂಡಿನಷ್ಟು. ಯುರೋಪಿನ ನಿಯಮದಂತೆ ಓಡುವ ಇಂಡಿಕೇಟರ್ ಹೊತ್ತಲು ಆರಂಭಿಸಿದ 200 ಮಿಲಿಸೆಕೆಂಡುಗಳೊಳಗೆ ಕೊನೆಯ ಎಲ್‌ಇಡಿವರೆಗೆ ತಲುಪಿರಬೇಕು, ಒಮ್ಮೆ ಹೊತ್ತಿದ ಎಲ್‌ಇಡಿ ಸುತ್ತು ಮುಗಿಯುವವರೆಗೆ ಆರಬಾರದು, ಮತ್ತು ಚಲನೆ ಒಳಗಿನಿಂದ ಹೊರಕ್ಕೇ ಇರಬೇಕು. ಆಗ ಉಳಿದ 130 ಮಿಲಿಸೆಕೆಂಡು ಪೂರ್ತಿ ದೀಪ ಕಾಣುತ್ತದೆ. ಅಗ್ಗದ ಮಾಡ್ಯೂಲುಗಳಲ್ಲಿ ಓಟ ಅರ್ಧ ಸೆಕೆಂಡು ಹಿಡಿದರೆ, ಕೊನೆಯ ಭಾಗ ಹೊತ್ತುವ ಮುನ್ನವೇ ಇಂಡಿಕೇಟರನ್ನು ಮಿನುಗಿಸುವ ಸ್ವಿಚ್ಚಾದ ಫ್ಲ್ಯಾಷರ್ ವಿದ್ಯುತ್ತನ್ನು ಕಡಿದಿರುತ್ತದೆ. ಹಿಂದಿನಿಂದ ನೋಡುವವರಿಗೆ ಅರ್ಧ ದೀಪವಷ್ಟೇ ಕಂಡಿರುತ್ತದೆ. ಇನ್ನು ಕೆಲವು ಪಟ್ಟಿಗಳಲ್ಲಿ ಒಂದೇ ಬೆಳಕಿನ ತುಣುಕು ಹುಳುವಿನಂತೆ ಹರಿದು ಹೋಗುತ್ತದೆ, ಹಿಂದೆ ಬಿಟ್ಟದ್ದೆಲ್ಲ ಕತ್ತಲು. ಘಟ್ಟದ ಮಂಜಿನಲ್ಲಿ ಹಿಂದಿನ ಬಸ್ಸಿನ ಚಾಲಕನಿಗೆ ತಿರುವಿನ ಸೂಚನೆ ಮುಟ್ಟಿಸುವುದು ಬೆಳಕಿನ ಒಟ್ಟು ವಿಸ್ತಾರವೇ ಹೊರತು ಅದರ ಓಟವಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ದೀಪವನ್ನು ಹೊತ್ತಿಸಿ, ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಸೆರೆಹಿಡಿದು ನೋಡಿದರೆ ಈ ದೋಷ ತಕ್ಷಣ ಬಯಲಾಗುತ್ತದೆ.

ಪೂರ್ತಿ ದೀಪ

ಹೆಚ್ಚಿನವರಿಗೆ ನಾನು ಸೂಚಿಸುವುದು ಕಾರಿನ ಮಾದರಿಗೆಂದೇ ತಯಾರಾದ ಪೂರ್ತಿ ದೀಪವನ್ನು. ಖರ್ಚು ಎಲ್ಲಕ್ಕಿಂತ ಹೆಚ್ಚು, ನಿಜ. ಆದರೆ ವೈರುಗಳ ತುದಿಯಲ್ಲಿರುವ ಹಳೆಯ ಕಪ್ಲರಿಗೇ ನೇರವಾಗಿ ಸಿಕ್ಕಿಸುವಂತಿದ್ದರೆ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ, ಬೇಡವೆನಿಸಿದ ದಿನ ಹಳೆಯ ದೀಪವನ್ನು ಮರಳಿ ಕೂರಿಸಬಹುದು. ಮನೆಯಲ್ಲಿ ಮಾಡುವ ಕೆಲಸವೆಂದರೆ ಡಿಕ್ಕಿಯ ಒಳಹೊದಿಕೆಯನ್ನು ಸರಿಸಿ, ಎರಡು ಮೂರು ನಟ್ಟುಗಳನ್ನು ಬಿಚ್ಚಿ, ದೀಪವನ್ನು ಹಿಂದಕ್ಕೆ ನೇರವಾಗಿ ಎಳೆದು, ಹೊಸದನ್ನು ಕೂರಿಸುವುದಷ್ಟೇ. ನಟ್ಟನ್ನು ಅಗತ್ಯಕ್ಕಿಂತ ಬಿಗಿದರೆ ಪ್ಲಾಸ್ಟಿಕ್ಕಿನ ಹಿಂಭಾಗ ಬಿರುಕು ಬಿಡುತ್ತದೆ, ಮತ್ತು ಆ ಬಿರುಕೇ ಮುಂದೆ ನೀರಿನ ದಾರಿಯಾಗುತ್ತದೆ.

ಇದರಲ್ಲಿಯೂ ಒಳ್ಳೆಯದು ಕೆಟ್ಟದ್ದು ಬಹಳವಿದೆ. ಮೊದಲು ನೋಡಬೇಕಾದದ್ದು ಅನುಮೋದನೆಯ ಗುರುತು; ವೃತ್ತದೊಳಗೆ ‘ಇ’ ಅಕ್ಷರ ಮತ್ತು ಅಂಕಿ ಇದ್ದರೆ ಅದು ಯುರೋಪಿನ ನಿಯಮದ ಗುರುತು, ಆದರೆ ಅದನ್ನು ಸುಮ್ಮನೆ ಅಚ್ಚೊತ್ತಿರುವ ದೀಪಗಳೂ ಉಂಟು. ಎರಡನೆಯದು ಪ್ರತಿಫಲಕ. ಮೂಲ ದೀಪದಲ್ಲಿ ಪ್ರತಿಫಲಕ ಸೇರಿಕೊಂಡಿದ್ದು, ಹೊಸ ದೀಪದಲ್ಲಿ ಆ ಜಾಗದಲ್ಲಿ ಬರಿಯ ಕೆಂಪು ಪ್ಲಾಸ್ಟಿಕ್ ಇದ್ದರೆ, ಕೆಟ್ಟು ನಿಂತ, ಬ್ಯಾಟರಿ ಸತ್ತ ಕಾರು ಹುಲಿಕಲ್ ಘಾಟಿಯ ರಾತ್ರಿಯಲ್ಲಿ ಯಾರಿಗೂ ಕಾಣುವುದಿಲ್ಲ. ಕತ್ತಲಲ್ಲಿ ಹತ್ತಿಪ್ಪತ್ತು ಹೆಜ್ಜೆ ದೂರದಿಂದ ಫ್ಲ್ಯಾಷ್ ಹಾಕಿ ಚಿತ್ರ ತೆಗೆದರೆ ನಿಜವಾದ ಪ್ರತಿಫಲಕ ಉಜ್ವಲವಾಗಿ ಹೊಳೆಯುತ್ತದೆ, ನಕಲಿ ಮಂಕಾಗಿ ಉಳಿಯುತ್ತದೆ. ಮೂರನೆಯದು ಗಾಜಿನ ಬಣ್ಣ: ಕಪ್ಪು ಛಾಯೆಯ ಗಾಜು ಹೊಳಪಿನ ಚಿತ್ರದಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಬೆಳಕನ್ನು ಕಡಿಮೆ ಮಾಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೇ ದೀಪ ಹಾಕಿಕೊಂಡು ಓಡಿಸುವ ಈ ನಾಡಿಗೆ ಅದು ಬೇಡ.

ಒಳಗೆ ಹಬೆ ಕಟ್ಟುವ ಸಮಸ್ಯೆಯನ್ನು ಪ್ರತ್ಯೇಕವಾಗಿ ಹೇಳಬೇಕು. ದೀಪದ ಪೆಟ್ಟಿಗೆ ಪೂರ್ತಿ ಮುಚ್ಚಿರುವುದಿಲ್ಲ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುವಾಗ ಹೊರಹೋಗಲು, ತಣ್ಣಗಾದಾಗ ಒಳಬರಲು ಸಣ್ಣ ಉಸಿರುಗಂಡಿ ಇರುತ್ತದೆ. ಹಳೆಯ 21 ವ್ಯಾಟ್ ಬಲ್ಬು ತನ್ನ ಶಾಖದಿಂದಲೇ ಒಳಗಿನ ತೇವವನ್ನು ಒಣಗಿಸಿ ಹೊರಗಟ್ಟುತ್ತಿತ್ತು. ಎಲ್‌ಇಡಿ ಹೆಚ್ಚು ಶಾಖ ಕೊಡುವುದಿಲ್ಲವಾದ್ದರಿಂದ, ಒಮ್ಮೆ ಸೇರಿದ ತೇವ ಮಳೆಗಾಲ ಪೂರ್ತಿ ಅಲ್ಲೇ ಉಳಿಯಬಹುದು. ತೆಳುವಾದ ಮಂಜು ಬೆಳಿಗ್ಗೆ ಕಂಡು ಮಧ್ಯಾಹ್ನಕ್ಕೆ ಮಾಯವಾದರೆ ಚಿಂತಿಸಬೇಕಾಗಿಲ್ಲ. ಹನಿಗಳು ಕೆಳಗಿಳಿದು ಮಡುಗಟ್ಟಿದರೆ ಅಂಚು ಸೋರುತ್ತಿದೆ ಎಂದೇ ಅರ್ಥ. ಹಾಗೆಂದು ಉಸಿರುಗಂಡಿಗೆ ಸಿಲಿಕೋನ್ ತುಂಬಿದರೆ ತೇವ ಹೊರಹೋಗುವ ದಾರಿಯೂ ಮುಚ್ಚಿಹೋಗುತ್ತದೆ.

ಮೇಲ್ದರ್ಜೆಯ ವೇರಿಯಂಟಿನ ಕಂಪನಿ ದೀಪ ಸಿಗುವಂತಿದ್ದರೆ ಗುಣಮಟ್ಟದ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಆದರೆ ಅಚ್ಚು ಒಂದೇ ಆಗಿದ್ದರೂ ಕಪ್ಲರಿನ ಪಿನ್ನುಗಳು ಬೇರೆಯಾಗಿರಬಹುದು, ಮತ್ತು ದೀಪಗಳನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ ಹೊಸ ದೀಪವನ್ನು ಪರಿಚಯಿಸಲು ಸ್ಕ್ಯಾನರ್ ಬೇಕಾಗಬಹುದು. ಎರಡೂ ವೇರಿಯಂಟುಗಳ ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ಇದಕ್ಕೆ ಕೈ ಹಾಕಬಾರದು.

ಬಿಚ್ಚಿ ಜೋಡಿಸುವುದು

ಇರುವ ದೀಪವನ್ನೇ ಬಿಚ್ಚಿ, ಒಂದೊಂದನ್ನೂ ಬಿಡಿಯಾಗಿ ನಿಯಂತ್ರಿಸಬಲ್ಲ ಎಲ್‌ಇಡಿಗಳನ್ನು ಜೋಡಿಸಿ, ಆರ್ಡುಯಿನೊದಂಥ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡಿನಿಂದ ಓಡಿಸುವುದು ಕುತೂಹಲಿಗಳ ಮೆಚ್ಚಿನ ದಾರಿ. ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ಕಡಿಮೆ. ದಿನಬಳಕೆಯ ಕಾರಿಗೆ ಇದನ್ನು ಒಪ್ಪುವ ಮೊದಲು ಮಾತ್ರ ಹಲವು ಸಂಗತಿಗಳನ್ನು ತೂಗಿ ನೋಡಬೇಕು.

ಮೊದಲ ಅಡ್ಡಿ ದೀಪ ತೆರೆಯುವುದರಲ್ಲೇ ಇದೆ. ಹೆಡ್‌ಲೈಟುಗಳನ್ನು ಸಾಮಾನ್ಯವಾಗಿ ಶಾಖಕ್ಕೆ ಮೆದುವಾಗುವ ಅಂಟಿನಿಂದ ಮುಚ್ಚಿರುತ್ತಾರೆ. ಹೀಟ್ ಗನ್ ಹಿಡಿದು ನಿಧಾನವಾಗಿ ಬಿಡಿಸಬಹುದು. ಟೇಲ್ ಲ್ಯಾಂಪುಗಳಲ್ಲಿ ಹೆಚ್ಚಿನವುಗಳ ಅಕ್ರಿಲಿಕ್ ಮುಖವನ್ನು ಹಿಂದಿನ ಪೆಟ್ಟಿಗೆಗೆ ಬೆಸೆದಿರುತ್ತಾರೆ. ಅಂಥದ್ದು ಶಾಖಕ್ಕೆ ಬಿಡುವುದಿಲ್ಲ, ಸೊಟ್ಟಗಾಗುತ್ತದೆ. ಅಂಚಿನುದ್ದಕ್ಕೂ ಸಣ್ಣ ಗರಗಸದಿಂದ ಕೊಯ್ಯದೆ ಬೇರೆ ದಾರಿಯಿಲ್ಲ. ಕೊಯ್ದದ್ದನ್ನು ಮತ್ತೆ ಮುಚ್ಚುವಾಗ ಹುಳಿವಾಸನೆಯ ಸಾಮಾನ್ಯ ಸಿಲಿಕೋನ್ ಬಳಸಿದರೆ ಅದರ ಆಮ್ಲದ ಆವಿ ತಾಮ್ರವನ್ನು ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಬೇಕು. ಅಕ್ರಿಲಿಕ್ಕನ್ನು ಪೆಟ್ರೋಲಿನಿಂದಲೋ ಥಿನ್ನರಿನಿಂದಲೋ ಒರೆಸಿದರೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಎಷ್ಟೇ ಜಾಗರೂಕತೆಯಿಂದ ಮುಚ್ಚಿದರೂ ಕಾರ್ಖಾನೆಯ ಬೆಸುಗೆಗೆ ಇದು ಸಮವಾಗದು, ಮತ್ತು ಮಲೆನಾಡಿನ ಮಳೆ ಆ ವ್ಯತ್ಯಾಸವನ್ನು ಹುಡುಕದೆ ಬಿಡುವುದಿಲ್ಲ. ಈ ದಾರಿ ಹಿಡಿಯುವವರು ಹಳೆಯ ಬಿಡಿಭಾಗದ ಅಂಗಡಿಯಿಂದ ಬೇರೊಂದು ಜೊತೆ ದೀಪ ತಂದು ಅದನ್ನು ಕೊಯ್ಯಲಿ. ಕಾರಿನಲ್ಲಿರುವ ಮೂಲ ದೀಪವನ್ನು ಮುಟ್ಟದಿರಲಿ.

ಎರಡನೆಯದು ವಿದ್ಯುತ್ತು. ಹೆಚ್ಚು ಬಳಕೆಯಲ್ಲಿರುವ ಡಬ್ಲ್ಯುಎಸ್2812ಬಿ ಎಲ್‌ಇಡಿಗಳು 5 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಕಾರಿನಲ್ಲಿ ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ಇರುತ್ತದೆ, ನಡುನಡುವೆ ಅದಕ್ಕಿಂತ ಬಹಳ ಮೇಲಕ್ಕೆ ಚಿಮ್ಮುವುದೂ ಉಂಟು. ವೋಲ್ಟೇಜ್ ಇಳಿಸುವ ಕನ್ವರ್ಟರ್, ಅದರ ಮುಂದೆ ಫ್ಯೂಸು ಮತ್ತು ಚಿಮ್ಮುವಿಕೆಯನ್ನು ಹೀರುವ ಟಿವಿಎಸ್ ಡಯೋಡ್, ಸೂಚನೆಯ ವೈರಿಗೆ ಬೆಳಕಿನ ಮೂಲಕವಷ್ಟೇ ಸೂಚನೆ ದಾಟಿಸಿ ಬೋರ್ಡನ್ನು ಬೇರ್ಪಡಿಸಿಡುವ ಆಪ್ಟೊಕಪ್ಲರ್ ಇಲ್ಲದೆ ಬೋರ್ಡನ್ನು ನೇರವಾಗಿ ಜೋಡಿಸಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ.

ಮೂರನೆಯದನ್ನು ಬಹಳ ಜನ ಯೋಚಿಸಿರುವುದಿಲ್ಲ: ಬೋರ್ಡಿಗೆ ಕರೆಂಟು ಎಲ್ಲಿಂದ ಕೊಡಬೇಕು? ಇಂಡಿಕೇಟರ್ ವೈರಿನಿಂದಲೇ ಕೊಟ್ಟರೆ, ಪ್ರತಿ ಮಿನುಗಿಗೂ ಬೋರ್ಡು ಹೊಸದಾಗಿ ಏಳಬೇಕು. ಕೆಲವು ಬೋರ್ಡುಗಳು ಎದ್ದು ಕೆಲಸ ಆರಂಭಿಸಲು ಒಂದೆರಡು ಸೆಕೆಂಡು ಹಿಡಿಯುವುದರಿಂದ ದೀಪ ಹೊತ್ತುವುದೇ ಇಲ್ಲ. ಇಗ್ನಿಷನ್ ಲೈನಿನಿಂದ ಕೊಟ್ಟರೆ, ಕೀಲಿ ತೆಗೆದ ಮೇಲೆ ಎಲ್ಲ ಇಂಡಿಕೇಟರುಗಳೂ ಒಟ್ಟಿಗೆ ಮಿನುಗುವ ಹಜಾರ್ಡ್ ದೀಪ ಹಾಕಿದಾಗ ಮುಂದಿನವು ಮಿನುಗುತ್ತವೆ, ಹಿಂದಿನವು ಸತ್ತಿರುತ್ತವೆ. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಒಂದರಲ್ಲಿ ಕಾರು ಕೆಟ್ಟು ನಿಂತಾಗ ಬೇಕಾಗುವುದು ಹಿಂದಿನವೇ. ಬ್ಯಾಟರಿಯಿಂದ ಸದಾ ಕೊಟ್ಟರೆ, ಆರಿರುವಾಗಲೂ ಈ ಎಲ್‌ಇಡಿಗಳು ಮತ್ತು ಬೋರ್ಡು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಒಟ್ಟು 50 ಮಿಲಿಆಂಪಿಯರ್ ಎಂದರೂ ದಿನಕ್ಕೆ 1.2 ಆಂಪಿಯರ್‌ಅವರ್ ಆಗುತ್ತದೆ. 35 ಆಂಪಿಯರ್‌ಅವರಿನ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕಿಳಿಯುತ್ತದೆ. ಸರಿಯಾದ ದಾರಿಯೆಂದರೆ ಇಗ್ನಿಷನ್ ಮತ್ತು ಎರಡೂ ಇಂಡಿಕೇಟರ್ ವೈರುಗಳನ್ನು ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡುಗಳ ಮೂಲಕ ಒಟ್ಟುಗೂಡಿಸಿ, ಒಂದು ಮಿನುಗಿನಿಂದ ಇನ್ನೊಂದರವರೆಗೆ ಬೋರ್ಡನ್ನು ಎಚ್ಚರವಾಗಿಡುವಷ್ಟು ದೊಡ್ಡ ಕೆಪಾಸಿಟರ್ ಇಡುವುದು. ಇದನ್ನು ಲೆಕ್ಕ ಹಾಕಿ ಕಟ್ಟಬಲ್ಲವರಿಗೆ ಈ ದಾರಿ ತೆರೆದಿದೆ; ಉಳಿದವರಿಗೆ ಪೂರ್ತಿ ದೀಪವೇ ಅಗ್ಗ.

ಯಾವ ಕಾರಣಕ್ಕೂ ಬ್ರೇಕ್ ದೀಪವನ್ನು ಬೋರ್ಡಿನ ಮೂಲಕ ಹಾಯಿಸಬಾರದು. ಪ್ರೋಗ್ರಾಂ ಎಲ್ಲಿಯಾದರೂ ಸಿಕ್ಕಿಕೊಂಡು ಇಂಡಿಕೇಟರ್ ನಿಂತರೆ ಮುಜುಗರ, ಬ್ರೇಕ್ ದೀಪ ನಿಂತರೆ ಅನಾಹುತ.

ಮೂರು ಬಲ್ಬಿನ ಹಳೆಯ ವಾಹನಗಳು, ಮತ್ತು ಪಟ್ಟಿಗಳು

ಸೀಕ್ವೆನ್ಸರ್ ಮಾಡ್ಯೂಲ್ ಬಹಳ ಸರಳವಾದ ವಸ್ತು: ಒಂದು ಇಂಡಿಕೇಟರ್ ವೈರು ಒಳಬಂದು, ಮೂರಾಗಿ ಸ್ವಲ್ಪ ಸ್ವಲ್ಪ ತಡವಾಗಿ ಹೊರಹೋಗುತ್ತದೆ. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಪ್ರತಿ ಬದಿಗೆ ಇಂಡಿಕೇಟರಿನ ಬಲ್ಬು ಒಂದೇ ಇರುವುದರಿಂದ ಅವುಗಳಿಗೆ ಇದು ಉಪಯೋಗವಿಲ್ಲ. ಚಪ್ಪಟೆ ಹಿಂಬದಿಗೆ ಬಿಡಿ ದೀಪಗಳನ್ನು ಬೋಲ್ಟ್ ಹಾಕಿ ಕೂರಿಸಿರುವ ಹಳೆಯ ಜೀಪುಗಳ ಮಾತು ಬೇರೆ. ತೋಟದ ದಾರಿಯಲ್ಲಿ ಇಂದಿಗೂ ಓಡುತ್ತಿರುವ ಅಂಥ ಗಾಡಿಗೆ, ಒಂದು ದೊಡ್ಡ ದೀಪದ ಜಾಗದಲ್ಲಿ ಮೂರು ಮುಚ್ಚಿದ ಹಳದಿ ದೀಪಗಳನ್ನು ಸಾಲಾಗಿಟ್ಟು ಮಾಡ್ಯೂಲ್ ಕೊಟ್ಟರೆ ವಿದ್ಯುತ್ತಿನ ದೃಷ್ಟಿಯಿಂದ ಇದಕ್ಕಿಂತ ನಂಬಿಕೆಯ ಜೋಡಣೆ ಇಲ್ಲ. ಒಂದು ದೀಪ ಕೆಟ್ಟರೂ ಎರಡು ಉಳಿಯುತ್ತವೆ. ಮೇಲೆ ಹೇಳಿದ ಕಾನೂನಿನ ಪ್ರಶ್ನೆ ಮಾತ್ರ ಇಲ್ಲಿಯೂ ತಪ್ಪುವುದಿಲ್ಲ.

ಕೆಲವು ನೂರು ರೂಪಾಯಿಗೆ ಸಿಗುವ, ಡಿಕ್ಕಿಯ ಅಂಚಿಗೋ ಬಂಪರಿಗೋ ಅಂಟಿಸುವ ಸಿಲಿಕೋನ್ ಪಟ್ಟಿಗಳನ್ನು ನಾನು ಯಾರಿಗೂ ಸೂಚಿಸಲಾರೆ. ಕೆಂಪುಮಣ್ಣಿನ ರಾಡಿ ಎರಚುವ ರಸ್ತೆಯಲ್ಲಿ ಅಂಟು ನಿಲ್ಲುವುದಿಲ್ಲ. ವೈರು ಒಳಹೋಗಲು ಡಿಕ್ಕಿಯ ರಬ್ಬರ್ ಬೀಡಿಂಗಿನ ಕೆಳಗೆ ನುಸುಳಿದ ಜಾಗದಿಂದಲೇ ನೀರು ಒಳಬಂದು ಸ್ಟೆಪ್ನಿಯ ಗುಂಡಿಯಲ್ಲಿ ನಿಲ್ಲುತ್ತದೆ. ಪೊಟ್ಟಣದ ಮೇಲಿನ ಐಪಿ67 ಎಂಬ ಬರಹ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಗೆ ಸಂಬಂಧಿಸಿದ್ದು. ಸರ್ವಿಸ್ ಸ್ಟೇಷನ್ನಿನ ರಭಸದ ನೀರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೂಲ ಇಂಡಿಕೇಟರನ್ನು ಉಳಿಸಿಕೊಂಡು ಹೆಚ್ಚುವರಿಯಾಗಿ ಇದನ್ನು ಹಾಕಿದರಾಯಿತು ಎನ್ನುವವರಿದ್ದಾರೆ, ಆದರೆ ಆಗ ಎರಡು ಬೇರೆ ಬೇರೆ ಲಯದ ಹಳದಿ ಬೆಳಕು ಹಿಂದಿನವರನ್ನು ಗೊಂದಲಕ್ಕೆ ದೂಡುತ್ತದೆ.

ಅತಿವೇಗದ ಮಿನುಗು

ಯಾವ ದಾರಿ ಹಿಡಿದರೂ ಬಲ್ಬಿನ ಕಾರಿಗೆ ಎಲ್‌ಇಡಿ ಹಾಕಿದಾಗ ಇಂಡಿಕೇಟರ್ ಇಮ್ಮಡಿ ವೇಗದಲ್ಲಿ ಬಡಿದುಕೊಳ್ಳುವ ಸಾಧ್ಯತೆಯಿದೆ. 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ ಅದರ ಒಂದು ಸಣ್ಣ ಪಾಲನ್ನಷ್ಟೇ. ಬಲ್ಬು ಸುಟ್ಟಿದೆಯೆಂದು ತಿಳಿದ ಫ್ಲ್ಯಾಷರ್ ವೇಗವನ್ನು ಹೆಚ್ಚಿಸಿ ಎಚ್ಚರಿಸುತ್ತದೆ. ಸಾಮಾನ್ಯ ಎಲ್‌ಇಡಿಗೆ ಇದು ಬರಿಯ ಕಿರಿಕಿರಿ, ಓಡುವ ಇಂಡಿಕೇಟರಿಗೆ ಮಾತ್ರ ಮಾರಕ, ಏಕೆಂದರೆ ಉರಿಯುವ ಅವಧಿ ಅರ್ಧಕ್ಕಿಳಿದರೆ ಓಟ ಎಂದೂ ಪೂರ್ತಿಯಾಗುವುದಿಲ್ಲ.

ಪರಿಹಾರ ಎರಡು. ಪ್ರತ್ಯೇಕ ಫ್ಲ್ಯಾಷರ್ ರಿಲೇ ಇರುವ ಹಳೆಯ ಕಾರಾದರೆ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ರಿಲೇ ಹಾಕುವುದೇ ಉತ್ತಮ. ಶಾಖವಿಲ್ಲ, ವೈರು ಕತ್ತರಿಸಬೇಕಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಇರುವ ಹೊಸ ಕಾರುಗಳಲ್ಲಿ ಆ ಅವಕಾಶವಿಲ್ಲದ್ದರಿಂದ, ಬಲ್ಬಿನ ಭಾರವನ್ನು ನಟಿಸುವ ಲೋಡ್ ರೆಸಿಸ್ಟರ್ ಬೇಕಾಗುತ್ತದೆ. 6 ಓಮಿನ ರೆಸಿಸ್ಟರ್ 13.8 ವೋಲ್ಟಿನಲ್ಲಿ 2.3 ಆಂಪಿಯರ್ ಎಳೆದು, ಉರಿಯುವಷ್ಟು ಹೊತ್ತೂ ಸುಮಾರು 32 ವ್ಯಾಟ್ ಶಾಖ ಕಾರುತ್ತದೆ. ಹಜಾರ್ಡ್ ಹಾಕಿ ಹತ್ತು ನಿಮಿಷ ನಿಂತರೆ ಅದನ್ನು ಮುಟ್ಟುವಂತಿರುವುದಿಲ್ಲ. ಡಿಕ್ಕಿಯ ಹೊದಿಕೆಯ ಹಿಂದೆ ಪ್ಲಾಸ್ಟಿಕ್ಕಿಗೋ ಸ್ಪಂಜಿಗೋ ಟ್ಯಾಗಿನಿಂದ ಕಟ್ಟಿದರೆ ಕರಗಿಸುತ್ತದೆ. ಲೋಹದ ಬಾಡಿಗೇ ಬಿಗಿಯಬೇಕು, ಆದರೆ ಅದಕ್ಕಾಗಿ ಹೊಸ ತೂತು ಕೊರೆದರೆ ಇಲ್ಲಿಯ ತೇವಕ್ಕೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಇರುವ ಬೋಲ್ಟನ್ನೇ ಬಳಸಿಕೊಳ್ಳಬೇಕು. ರೆಸಿಸ್ಟರ್ ಒಳಗೇ ಅಡಕವಾಗಿರುವ ದೀಪಗಳೂ ಸಿಗುತ್ತವೆ. ಆ ಶಾಖ ದೀಪದೊಳಗೇ ಉಳಿಯುವುದರಿಂದ ಎಲ್‌ಇಡಿಯ ಆಯುಷ್ಯ ಕುಂದುತ್ತದೆ ಎಂಬುದನ್ನು ಮರೆಯಬಾರದು.

ಜೋಡಣೆ ಮತ್ತು ಪರೀಕ್ಷೆ

ವೈರಿಂಗಿಗೆ ಕೈಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ವೈರಿನ ಮೇಲ್ಹೊದಿಕೆಯನ್ನು ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕೆಲಸವನ್ನು ಸುಲಭ ಮಾಡುತ್ತವೆ, ಆದರೆ ತೇವದಲ್ಲಿ ಅವುಗಳೊಳಗಿನ ತಾಮ್ರ ಹಸಿರುಗಟ್ಟಿ, ಎರಡನೆಯ ಮಳೆಗಾಲಕ್ಕೆ ಇಂಡಿಕೇಟರ್ ಮನಸ್ಸು ಬಂದಾಗ ಮಾತ್ರ ಹೊತ್ತುತ್ತದೆ. ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆಯೊಂದಿಗೆ ಸರಿಯಾಗಿ ಕ್ರಿಂಪ್ ಮಾಡಿದ ಜೋಡಣೆಯೇ ಬಾಳುತ್ತದೆ. ವೈರು ದೀಪಕ್ಕೆ ಸೇರುವ ಮೊದಲು ಒಂದಿಷ್ಟು ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲೇರುವಂತಿರಲಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ಹನಿದು ಬೀಳುತ್ತದೆ, ಕಪ್ಲರಿನವರೆಗೆ ತಲುಪುವುದಿಲ್ಲ. ಹಳೆಯ ದೀಪದ ಸುತ್ತಲಿನ ಸ್ಪಂಜ್ ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಅದನ್ನೇ ಮತ್ತೆ ಹಾಕಬಾರದು. ಅಡಿಕೆ ಕಣದ ಪಕ್ಕ ಕಾರು ನಿಲ್ಲಿಸುವವರು ಇಲಿಗಳನ್ನೂ ನೆನಪಿಟ್ಟುಕೊಂಡು, ಹೊಸ ವೈರುಗಳಿಗೆ ಸುರುಳಿ ಕೊಳವೆ ಹಾಕಿದರೆ ಒಳ್ಳೆಯದು.

ಇಷ್ಟಾದ ಮೇಲೆ ದೀಪದ ಹಿಂದೆ, ಡಿಕ್ಕಿಯೊಳಗೆ ಒಣ ಟಿಶ್ಯೂ ಕಾಗದ ಹಾಸಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಬೇಕು. ಕಾಗದದ ಮೇಲೆ ಒದ್ದೆ ಎಲ್ಲಿ ಮೂಡಿತೋ ಸೋರಿಕೆ ಅದರ ಮೇಲೆಯೇ ಇದೆ. ಆಮೇಲೆ ಎಂಜಿನ್ ಓಡಿಸಿ ಪಾರ್ಕಿಂಗ್ ದೀಪ, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿ ನೋಡಬೇಕು, ಏಕೆಂದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಒಂದೊಂದಾಗಿ ಹಾಕಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಕೀಲಿ ತೆಗೆದು ಹಜಾರ್ಡನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಕೊನೆಗೆ ನಡುಹಗಲಲ್ಲಿ ಒಮ್ಮೆ, ಮುಸ್ಸಂಜೆಯಲ್ಲಿ ಒಮ್ಮೆ, ಮನೆಯ ಇನ್ನೊಬ್ಬರನ್ನು ಮೂವತ್ತು ಮೀಟರ್ ಹಿಂದೆ ನಿಲ್ಲಿಸಿ, ನೇರದಿಂದಲೂ ಎರಡೂ ಓರೆಗಳಿಂದಲೂ ಹಳೆಯ ದೀಪದಷ್ಟೇ ಸ್ಪಷ್ಟವಾಗಿ ಸೂಚನೆ ಕಾಣುತ್ತದೆಯೇ ಎಂದು ಕೇಳಬೇಕು. ಒಂದು ಬದಿಗೆ ಹೊಸದನ್ನು, ಇನ್ನೊಂದಕ್ಕೆ ಹಳೆಯದನ್ನು ತಾತ್ಕಾಲಿಕವಾಗಿ ಹಾಕಿ ಹೋಲಿಸಿದರೆ ಈ ಉತ್ತರ ಇನ್ನೂ ಖಚಿತವಾಗುತ್ತದೆ. ಹಳೆಯದೇ ಚೆನ್ನಾಗಿ ಕಂಡರೆ ಹೊಸದನ್ನು ಅಂಗಡಿಗೆ ಮರಳಿಸುವುದು. ಆದ್ದರಿಂದ ಮರಳಿಸಲು ಅವಕಾಶವಿರುವ ಅಂಗಡಿಯಿಂದಲೇ ಕೊಂಡು, ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.